ಎರಡು ಮಾತ್ರೆ ಮೌನ

ಕ್ವೈರಿನಲ್ಲಿ ನಾನು ಆಲ್ಟೋ. ಅಂದರೆ
ಮನೆಗೆ ಹೋಗುವಾಗ ಯಾರೂ ಗುನುಗದ ದನಿ.
ರಾಗ ಸೊಪ್ರಾನೋದವರದ್ದು, ಗುಡುಗು ಗಂಡಸರದ್ದು,
ನಡುವೆ ನಾವು ನಾಲ್ಕು ಜನ
ಒಂದೇ ಸ್ವರದ ಮೇಲೆ ಒಂಟಿಗಾಲಲ್ಲಿ ನಿಂತು
ಹೊಲಿಗೆಯ ಅಡಿದಾರದ ಹಾಗೆ.

ವಾರದ ದಿನಗಳ ಕೆಲಸವೂ ಇಂಥದ್ದೇ:
ನೆಲ ಗೊಣಗುವುದನ್ನು ಕೇಳಿಸಿಕೊಳ್ಳುವುದು.
ಪಂಪು ನಿಂತ ಮೇಲೆ ಗಣಿಯೊಳಗೆ ನೀರು ಏರುತ್ತಿದೆ,
ಮೈಲಿಗಟ್ಟಲೆ ಕತ್ತಲು ನೆನೆಯುತ್ತಿದೆ,
ಬಂಡೆ ಬಂಡೆಗೆ ಭುಜ ತಾಗಿಸಿ
ಮಗ್ಗುಲು ಬದಲಿಸುತ್ತದೆ.
ಹನ್ನೆರಡು ಕಡೆ ಹೂತಿಟ್ಟ ಕಿವಿಗಳು
ನನ್ನ ಮೇಜಿಗೆ ಗೆರೆ ಕಳಿಸುತ್ತವೆ.
ಗಾತ್ರ, ಆಳ, ಹೊತ್ತು. ಮೂರು ಕಾಲಂ.
ಭಯಕ್ಕೆ ಕಾಲಂ ಇಲ್ಲ.

ಸಲೋಮಿಯಮ್ಮ ನನ್ನ ಎಡಕ್ಕೆ ನಿಲ್ಲುತ್ತಾಳೆ.
ಎಪ್ಪತ್ತಾರು ವರ್ಷ. ಪಿಎಚ್‌ಡಿ ಎಂದರೆ ಡಾಕ್ಟ್ರು ಎಂದೇ ನಂಬಿ
ಮಂಡಿನೋವಿಗೆ ಮಾತ್ರೆ ಕೇಳುವವಳು.
ಕಿಟಕಿ ಗಾಜು ಟಿರ್ ಎಂದರೆ ಸಾಕು,
ಹಾಡು ನಿಲ್ಲಿಸಿ, ಬೆರಳೆತ್ತಿ,
"ಉರಿಗಾಂ ಕಡೆ. ಚಿಕ್ಕದು, ಡಾಕ್ಟ್ರೇ."
ಸೋಮವಾರ ನೋಡುತ್ತೇನೆ: ಉರಿಗಾಂ ಕಡೆ. ಚಿಕ್ಕದು.
ಹೇಗೆ ಗೊತ್ತಾಗುತ್ತೆ, ಕೇಳಿದೆ ಒಮ್ಮೆ.
"ಶಾಫ್ಟಿನ ಬಾಯಿಗೆ ಓಡಿದವರಿಗೆ
ಕಾಲಲ್ಲೇ ಕಿವಿ ಬರುತ್ತೆ" ಅಂದಳು,
ಡಬ್ಬಿಯಿಂದ ವಡೆ ಮುರಿದು ಅರ್ಧ ಕೊಟ್ಟಳು.
ಯಾರಿಗಾಗಿ ಓಡಿದಳೋ ಹೇಳಲಿಲ್ಲ.

ಮೊನ್ನೆ ಭಾನುವಾರ ಸಂಜೆ
ಶುಭ ಶುಕ್ರವಾರದ ಹಾಡಿನ ಅಭ್ಯಾಸ.
ಸೈನೈಡ್ ದಿಬ್ಬದ ಧೂಳೆದ್ದು ಎಲ್ಲರ ಗಂಟಲೂ ಒರಟು.
ಎರಡನೇ ಚರಣದ ಕೊನೆಗೆ ಎರಡು ಮಾತ್ರೆ ಮೌನವಿದೆ,
ದೇವಪ್ರಿಯಂ ಮಾಸ್ಟರು ಅಲ್ಲಿ ಕೆಂಪು ಪೆನ್ನಲ್ಲಿ
'ಉಸಿರು' ಎಂದು ಬರೆಸಿದ್ದಾರೆ.
ಸರಿಯಾಗಿ ಆ ಜಾಗಕ್ಕೆ ನೆಲ ಬಂದು ಸೇರಿತು.
ಬೆಂಚು ನಡುಗಿತು. ಕಾಲು ಹಾರ್ಮೋನಿಯಂ
ತಾನೇ ಒಂದು ನಿಟ್ಟುಸಿರು ಬಿಟ್ಟಿತು.
ಮಾಸ್ಟರ ಕೈ ಮೇಲೇ ಉಳಿಯಿತು.
ಕಾದೆವು ಇಪ್ಪತ್ತಮೂರು ಜನ,
ಮೂರು, ನಾಲ್ಕು, ಐದು.
ಸಲೋಮಿಯಮ್ಮ ಈ ಸಲ ದಿಕ್ಕು ತೋರಿಸಲಿಲ್ಲ.
ನನ್ನ ಮಣಿಕಟ್ಟು ಹಿಡಿದಳು, ಹಿಡಿದುಕೊಂಡೇ
ಮಾಸ್ಟರಿಗಿಂತ ಮೊದಲು ನಮ್ಮ ಸ್ವರ ಎತ್ತಿದಳು,
ಅರ್ಧ ಸ್ವರ ಕೆಳಗೆ.
ಎಲ್ಲರೂ ಅಲ್ಲಿಗೇ ಇಳಿದು ಬಂದರು.

ಬೆಳಿಗ್ಗೆ ಗೆರೆ ಬಂತು.
ಏಳು ನಲವತ್ತೆರಡು, ಚಾಂಪಿಯನ್ ರೀಫಿನ ಕೆಳಗೆ.
ಅದರ ಬಾಲಕ್ಕೆ ಸಣ್ಣ ಸಣ್ಣ ಹಲ್ಲು:
ಚರ್ಚಿನ ಹಿಂದೆ ಹೂತ ಕಿವಿಗೆ ಬಿದ್ದ
ನಲವತ್ತಾರು ಪಾದ, ಒಂದು ಪೆಡಲು.
ನಿಯಮದ ಪ್ರಕಾರ ಅದು ಗದ್ದಲ, ಮನುಷ್ಯರದ್ದು.
ಆರು ವರ್ಷದಿಂದ ವಾರವಾರವೂ ಅಳಿಸಿದ್ದೇನೆ,
ನನ್ನನ್ನೂ ಸೇರಿಸಿ.

ಇದನ್ನೂ ಅಳಿಸಿದೆ. ಸಂಬಳ ಅದಕ್ಕೇ.
ಅದಕ್ಕೂ ಮೊದಲು, ಟೀ ತಣ್ಣಗಾಗಲು ಬಿಟ್ಟು,
ಗೆರೆಯ ಮೇಲೆ ಸ್ಕೇಲಿಟ್ಟು ಅಳೆದೆ,
ನೆಲ ನಿಂತದ್ದು ಎಲ್ಲಿ, ನಾವು ಶುರುವಾದದ್ದು ಎಲ್ಲಿ.
ಐದಲ್ಲ. ಹನ್ನೊಂದು ಮಾತ್ರೆ.
ಮಾಸ್ಟರಿಗೆ ಹೇಳಬೇಕು,
ಅಷ್ಟು ಹೊತ್ತು ಯಾರೂ ಕೆಮ್ಮಲಿಲ್ಲ.