ಬೋರಲು ಹಾಕಿ ನೋಡು

ನಮ್ಮ ಮನೆಯಲ್ಲಿ ಯಾವ ಪಾತ್ರೆಯನ್ನೂ
ಮೊದಲು ಬಾಯಿ ಕಡೆಯಿಂದ ನೋಡುವುದಿಲ್ಲ.
ನೆಂಟರ ಮನೆಗೆ ಹೋದರೂ ಅಷ್ಟೆ,
ಕಾಫಿ ಮುಗಿದದ್ದೇ ಕಪ್ಪನ್ನು ಬೋರಲು ಹಾಕಿ
ತಳ ಓದುತ್ತೇವೆ.
ಅಮ್ಮನಿಗೆ ನಾಚಿಕೆ. ಅಪ್ಪನಿಗೆ ಇಲ್ಲ.

ಶುರುವಾದದ್ದು ಒಂದು ಮುಚ್ಚಳದಿಂದ.
ಸಕಲೇಶಪುರದಾಚೆ ತೋಟದ ಬಂಗಲೆಯಲ್ಲಿ
ದೊರೆಸಾನಿಯ ಟೀ ಜಗ್ಗಿನ ಮುಚ್ಚಳ ಒಡೆದು
ಬಟ್ಲರ್ ಅಂತೋಣಿ ಜಗ್ಗನ್ನು ಟವಲಲ್ಲಿ ಸುತ್ತಿಕೊಂಡು
ಹಾಸನದವರೆಗೆ ಗಾಡಿ, ಅಲ್ಲಿಂದ ರೈಲು,
ಅರಸೀಕೆರೆಯ ಗೂಡ್ಸ್ ಶೆಡ್ ಹಿಂದೆ
ಹೊನ್ನಶೆಟ್ಟಿಯ ತಿಗರಿ ಹುಡುಕಿ ಬಂದ.

ಹೊನ್ನಶೆಟ್ಟಿ ಜಗ್ಗನ್ನು ಬೋರಲು ಹಾಕಿದ.
ತಳದಲ್ಲಿ ಕಿರೀಟ, ಅದರಡಿ
ದಾರಿ ತಪ್ಪಿದ ಇರುವೆಗಳಂಥ ಅಕ್ಷರ.
ಅಂತೋಣಿ ಓದಿ ಹೇಳಿದ:
ಅಪ್ಪ ಮಕ್ಕಳ ಕಾರ್ಖಾನೆಯಂತೆ, ಸಮುದ್ರದಾಚೆ,
ಐದು ತಲೆಯಿಂದ ಇದೇ ಕಸುಬಂತೆ.
"ಹಂಗಾದ್ರೆ ನಮ್ಮೋರೇ ಬಿಡಪ್ಪ" ಅಂದ ಹೊನ್ನಶೆಟ್ಟಿ,
"ಅವರ ಮಣ್ಣು ಬೆಳ್ಳಗೈತೆ, ಅಷ್ಟೇಯ."

ಬಾಗೇಶಪುರದ ಬಿಳಿಮಣ್ಣು ಬಂತು.
ಏಳು ಮುಚ್ಚಳ ಬಿರಿದವು.
ಎಂಟನೆಯದು ಕೂತಿತು.
ಕೂತ ಸದ್ದನ್ನು ಅಜ್ಜಿ ನಾಲಗೆಯಲ್ಲಿ ಮಾಡಿ ತೋರಿಸುತ್ತಿದ್ದಳು:
ಟಿಕ್.
ಅವಳು ಅದನ್ನು ಕೇಳಿದವಳಲ್ಲ,
ಅತ್ತೆಯಿಂದ ಕಲಿತವಳು.

ಆಮೇಲೆ ಹೊನ್ನಶೆಟ್ಟಿಗೂ ಒಂದು ಅಚ್ಚು ಬೇಕೆನಿಸಿತು.
ಕಂಡದ್ದನ್ನು ಕಂಡಂತೆ ಮರದಲ್ಲಿ ಕೊರೆದ,
ಒತ್ತಿದರೆ ಅಕ್ಷರವೆಲ್ಲ ಉಲ್ಟಾ.
ಕಿರೀಟ ಮಾತ್ರ ಸರಿಯಾಗಿ ಬಂತು.
ಕಿರೀಟಕ್ಕೆ ಎಡಬಲವಿಲ್ಲ.
ಯಾರೂ ಓದಲಾಗದ ಹೆಸರು ಹೊತ್ತು
ನಮ್ಮ ಉಪ್ಪಿನಕಾಯಿ ಜಾಡಿಗಳು
ತಿಪಟೂರು, ಕಡೂರು, ಬೀರೂರು ಸುತ್ತಿದವು,
ತೆಂಗಿನ ನಾರಿನಲ್ಲಿ ಹೂತುಕೊಂಡು.

ಎರಡನೇ ಅಚ್ಚು ತಾತನದು, ಕನ್ನಡದ್ದು:
ಹೊನ್ನಶೆಟ್ಟಿ ಅಂಡ್ ಸನ್ಸ್.
ಕಿರೀಟ ತೆಗೆಸಿದ. ಜಾಗ ಖಾಲಿ ಬಿಡಲಾರದೆ
ಒಂದು ತೆಂಗಿನಕಾಯಿ ಇಡಿಸಿದ.
ಊರೂರಿಗೆ ಕರೆಂಟು ಹೋಗುತ್ತಿದ್ದ ಕಾಲ,
ಕಂಬದ ಮೇಲಿನ ಪಿಂಗಾಣಿ ಬುಗುರಿ ಕೂಡ
ನಮ್ಮ ಗೂಡಿನದೇ.

ಮಣ್ಣು ತುಳಿದವಳು, ಗ್ಲೇಜಿಗೆ ಅದ್ದಿದವಳು,
ಜಾಡಿಗೆ ಹಿಡಿ ಅಂಟಿಸಿದವಳು ಅಜ್ಜಿ, ದ್ಯಾವೀರಮ್ಮ.
"ಸನ್ಸ್ ಅಂದ್ರೇನು?" ಕೇಳಿದಳಂತೆ.
"ಗಂಡುಮಕ್ಕಳು."
ಏನೂ ಅನ್ನಲಿಲ್ಲ.
ಮಾರನೇ ದಿನದಿಂದ ಒಂದೊಂದು ಹಿಡಿಯ ಒಳಮಗ್ಗುಲಿಗೂ
ಹಸಿಯಿರುವಾಗಲೇ ಹೆಬ್ಬೆರಳ ಉಗುರು ಊರಿದಳು,
ಬಿದಿಗೆ ಚಂದ್ರನಷ್ಟು.
ತಾತನಿಗೆ ಕಾಣಲಿಲ್ಲ.
ತಾತ ತಳ ನೋಡುತ್ತಿದ್ದ.

ಮೂರನೇ ಅಚ್ಚು ರಬ್ಬರಿನದು, ಅಪ್ಪನದು.
ಹನ್ನೊಂದು ತಿಂಗಳು ಬಳಸಿದ.
ಗೂಡಿನ ಇಟ್ಟಿಗೆ ಒಬ್ಬರು ಕಾಂಪೌಂಡಿಗೆ ಕೊಂಡರು,
ಒಳ್ಳೆಯ ರೇಟಿಗೇ.
ಈಗ ಬಿ.ಎಚ್. ರಸ್ತೆಯ ಟೈಲ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ,
ಗುಜರಾತಿನಿಂದ ಬಂದ ಲೋಡಿನಲ್ಲಿ
ಒಂದನ್ನಾದರೂ ತಿರುಗಿಸಿ ನೋಡದೆ ಇಳಿಸಿಕೊಳ್ಳುವುದಿಲ್ಲ.

ಹೋದ ತಿಂಗಳು ಅಂತೋಣಿಯ ಮರಿಮಗಳು
ಲೂರ್ದು ಮೇರಿ ಮನೆ ಹುಡುಕಿಕೊಂಡು ಬಂದಳು.
ಚೀಲದಲ್ಲಿ ಹಳೇ ಟವಲು, ಟವಲಲ್ಲಿ ಮುಚ್ಚಳ.
ಜಗ್ಗು ಯಾವ ಕಾಲಕ್ಕೋ ಚೂರಾಯಿತಂತೆ.
"ಇದು ನಿಮ್ಮದು ಅಂತ ಅಜ್ಜ ಹೇಳೋರು."

ಬೋರಲು ಹಾಕಿದೆ.
ಏನೂ ಇರಲಿಲ್ಲ.
ಮುಚ್ಚಳಕ್ಕೆ ಯಾರು ಮುದ್ರೆ ಒತ್ತುತ್ತಾರೆ?
ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದ.

ಗುಬುಟಿನ ಬುಡ ತಡವಿದೆ.
ಅಲ್ಲಿ, ಗ್ಲೇಜಿನಡಿ, ಒಂದು ಉಗುರಿನ ಗೀರು.
ಅಜ್ಜಿ ಆಗಿನ್ನೂ ಹುಟ್ಟಿರಲಿಲ್ಲ.
ಹೊನ್ನಶೆಟ್ಟಿಯ ಹೆಂಡತಿಯ ಹೆಸರೇನು?
ಅಪ್ಪನಿಗೆ ಗೊತ್ತಿಲ್ಲ.
ಚಿಕ್ಕಪ್ಪನಿಗೆ ಫೋನ್ ಮಾಡಿದೆವು, ಗೊತ್ತಿಲ್ಲ.

ಅಮ್ಮ ಮುಚ್ಚಳ ತೊಳೆದು
ಉಪ್ಪಿನ ಜಾಡಿಯ ಮೇಲಿಟ್ಟಳು.
ಕೊಂಚ ದೊಡ್ಡದು,
ಕೂರಲಿಲ್ಲ.
"ಇರಲಿ ಬಿಡು" ಅಂದಳು.