ಓದಲಾಗದ್ದರ ಖಾನೆ

(ಕ್ಲೀವ್‌ಲ್ಯಾಂಡ್, ೧೯೬೭. ಬ್ಯಾಂಕಿನ ನೆಲಮಾಳಿಗೆ, ರಾತ್ರಿ ಪಾಳಿ)

ಕೂತುಕೋ ಅರ್ನೆಟಾ. ಕೋಟು ಬಿಚ್ಚಬೇಡ,
ಇಲ್ಲಿ ಹವೆ ಹದ ಮಾಡುವುದು ಕಾಗದಕ್ಕೆ, ನಮಗಲ್ಲ.

ಮೊದಲು ಈ ಅಂಕಿಗಳ ಪರಿಚಯ ಮಾಡಿಕೋ.
ಚೆಕ್ಕಿನ ಕೆಳಗಂಚಿಗೆ ಸಾಲು ನಿಂತಿವೆ ನೋಡು:
ಒಂದಕ್ಕೆ ಆನೆಕಾಲು.
ಎಂಟು, ಸೊಂಟದ ಕೆಳಗೆ ಎರಡೂ ಕಡೆ
ಹಿಟ್ಟಿನ ಚೀಲ ಕಟ್ಟಿಕೊಂಡವಳು.
ನಾಲ್ಕು ಒಂದೇ ಪಕ್ಕಕ್ಕೆ ಊದಿಕೊಂಡಿದೆ. ಸೊನ್ನೆ ಮಾತ್ರ
ಆಚೆ ಏನೂ ಕಾಣದ ಕಿಟಕಿ.
ನಗಬೇಡ. ಮೊದಲ ದಿನ ನಾನೂ ನಕ್ಕೆ.

ಯಂತ್ರಕ್ಕೆ ಕಣ್ಣಿಲ್ಲ.
ಶಾಯಿಯಲ್ಲಿ ಕಬ್ಬಿಣದ ಪುಡಿ ಇದೆ;
ಅಯಸ್ಕಾಂತ ಒಮ್ಮೆ ಸವರಿದ ಮೇಲೆ
ಬಲದಿಂದ ಎಡಕ್ಕೆ ಒಂದೊಂದೇ ಅಂಕಿ
ಅದರ ಕಿವಿಯ ಮುಂದೆ ಹಾದುಹೋಗುತ್ತದೆ.
ದಪ್ಪವಿದ್ದಲ್ಲಿ ದನಿ ಏರುತ್ತದೆ, ತೆಳುವಾದಲ್ಲಿ ಇಳಿಯುತ್ತದೆ.
ಊತವೆಂದು ನಾವು ನಕ್ಕದ್ದು
ಅದಕ್ಕೆ ಉಚ್ಚಾರ.
ಕಾಫಿ ಚೆಲ್ಲಲಿ, ಮೊಹರು ಬೀಳಲಿ,
ಸಹಿಯ ಬಾಲ ಅಂಕಿಗಳ ಮೇಲೇ ಹರಿದಾಡಲಿ,
ಕೇಳಿಸಬೇಕಾದ್ದು ಕೇಳಿಸುತ್ತದೆ.

ನನ್ನ ಯೆರ್ನೇಯ್ ಬೋರ್ಡು ಬರೆಯುವವನು.
ಸೇಂಟ್ ಕ್ಲೇರ್ ಬೀದಿಯ ಬೇಕರಿ, ಬೂಟಿನಂಗಡಿ, ಶವಪೆಟ್ಟಿಗೆಯವರು,
ಗಾಜಿನ ಮೇಲಿನ ಚಿನ್ನದಕ್ಷರ ಅರ್ಧಕ್ಕರ್ಧ ಅವನ ಕೈಯದು.
ಐದರ ಹೊಟ್ಟೆ ಎಷ್ಟು ಮುಂದೆ ಬರಬೇಕೆಂದು
ಊಟ ಆರುವ ತನಕ ವಾದಿಸುತ್ತಿದ್ದ.
ಇವನ್ನು ತೋರಿಸಿದಾಗ ಕನ್ನಡಕ ಹಣೆಗೇರಿಸಿ
'ಯಾರು ಬರೆದದ್ದು? ಹಲ್ಲುನೋವಿದ್ದವನೇ?' ಅಂದ.
ನಿನ್ನ ಕಣ್ಣಿಗೆ ಬರೆದದ್ದಲ್ಲ ಬಿಡು, ಅಂದೆ.
ಹಾಗೆ ಅನ್ನಬಾರದಿತ್ತು.
ಮೂರು ದಿನ ಮಾತಿಲ್ಲ. ನಾಲ್ಕನೆಯ ದಿನ
ಹಳೇ ಪೇಪರಿನ ಮೇಲೆ ಆ ಒಂದನ್ನೇ ಬರೆದ, ಮೊಳದುದ್ದ,
ಪಾದದ ಅಂಚನ್ನು ತುಸು ದುಂಡಗೆ ಮಾಡಿ.
'ಈಗ ನಿಂತುಕೊಳ್ಳುತ್ತೆ.'
ನಿಜ, ನಿಂತಿತು.
ಯಂತ್ರಕ್ಕೆ ಮಾತ್ರ ಅದು ಒಂದಾಗಿ ಕೇಳಿಸುತ್ತಿರಲಿಲ್ಲ.

ಇರಲಿ. ನಿನ್ನ ಜಾಗ ಇದು, ಕೊನೆಯ ಖಾನೆ.
ಬಾಕಿ ಚೆಕ್ಕುಗಳು ಹಾರಿ ಹಾರಿ ತಮ್ಮ ಗೂಡು ಸೇರುತ್ತವೆ;
ಕೇಳಿಸದೆ ಹೋದದ್ದು ಇಲ್ಲಿ ಬೀಳುತ್ತದೆ.
ಸ್ಟೇಪ್ಲರ್ ಕಚ್ಚಿದ್ದು, ಮಗು ಜಗಿದದ್ದು,
ಪ್ಯಾಂಟಿನ ಜೇಬಿನಲ್ಲೇ ಒಗೆತಕ್ಕೆ ಹೋಗಿ ಬಂದದ್ದು.
ಕಣ್ಣಲ್ಲಿ ಓದು, ಕೀಲಿ ಒತ್ತು, ಮುಂದಕ್ಕೆ ತಳ್ಳು.
ಅಂಕಿಯಷ್ಟೇ. ಮೇಲಿನದು ನಮಗೆ ಸೇರಿದ್ದಲ್ಲ.

ಹೋದ ಫೆಬ್ರವರಿ, ಮೇಲೆ ಬೀದಿಯಲ್ಲಿ
ಸರೋವರದ ಗಾಳಿ ಹಿಮವನ್ನು ಅಡ್ಡಡ್ಡ ಎರಚುತ್ತಿದ್ದ ರಾತ್ರಿ,
ನಾಲ್ಕು ಮಡಿಕೆಯ ಒಂದು ಚೆಕ್ಕು ಬಿತ್ತು.
ಮಡಿಕೆ ಏಳರ ಮೇಲೆ ಬಂದು ಶಾಯಿ ಸಿಪ್ಪೆ ಎದ್ದಿತ್ತು.
ಉಳಿದ ಅಂಕಿಗಳನ್ನು ಬೆರಳು ತಾನೇ ಒತ್ತಿತು.
ಖಾತೆ ನಮ್ಮದು.

ಮಾಂಸದಂಗಡಿಗೆ, ಆರು ಡಾಲರ್ ನಲವತ್ತು ಸೆಂಟು.
ಆಗ ಮೇಲೆ ನೋಡಿದೆ.
ಸಹಿ ಅವನದೇ. ಆದರೆ ಹೊಚೆವಾರಿನ ಮೊದಲಕ್ಷರದ
ಎರಡು ಕಾಲೂ ನಡುಗಿದ್ದವು.
ಒಂದೇ ಉಸಿರಿಗೆ ಗೆರೆ ಎಳೆಯುವ ಕೈ
ಎರಡು ಸಲ ಎತ್ತಿ, ಇಟ್ಟಿತ್ತು.

ಮನೆಯಲ್ಲಿ ನನಗೆ ಗೊತ್ತಾಗಿರಲಿಲ್ಲ.
ಕೈ ಮೇಜಿನ ಕೆಳಗಿಟ್ಟುಕೊಂಡೇ ಮಾತಾಡುತ್ತಿದ್ದ,
ಚಳಿಗಾಲವಿಡೀ ಸೂಪು ಬೇಡ ಅನ್ನುತ್ತಿದ್ದ.
ನಾನು ಹಟ ಅಂದುಕೊಂಡೆ.
ಅದಕ್ಕೂ ಹಿಂದಿನ ವಾರಗಳ ಅವನ ಚೆಕ್ಕುಗಳೆಲ್ಲ
ನನ್ನ ಬೆನ್ನ ಹಿಂದೆಯೇ ನೆಟ್ಟಗೆ ಹೋಗಿದ್ದವು.
ಕೆಳಗಿನ ಸಾಲು ನಡುಗಿರಲಿಲ್ಲವಲ್ಲ.

ಏಳನ್ನು ಒತ್ತಿದೆ. ಅಂಗೈಯಲ್ಲಿ ಮಡಿಕೆ ಸವರಿ
ಮುಂದಕ್ಕೆ ಕಳಿಸಿದೆ, ಮಾಂಸದವನಿಗೂ ದುಡ್ಡು ಮುಟ್ಟಬೇಕು.
ಹನ್ನೊಂದು ಸೆಕೆಂಡು ಹೆಚ್ಚಾಯಿತೆಂದು
ಮೇಲ್ವಿಚಾರಕ ಬರೆದುಕೊಂಡ.

ತಗೋ, ನಿನ್ನ ತಟ್ಟೆ ತುಂಬುತ್ತಿದೆ.
ಅವಸರವಿಲ್ಲ ಅನ್ನಲಾರೆ, ಅವಸರವಿದೆ.
ಬೆರಳು ಕೀಲಿಯ ಮೇಲಿರಲಿ.
ಕಣ್ಣು ಒಂದಿಷ್ಟು ಮೇಲೆ ಹೋದರೆ
ನಾನು ಯಾರಿಗೂ ಹೇಳುವುದಿಲ್ಲ.