ರಸಮಟ್ಟ

ಮೂವತ್ತೊಂದು ವರ್ಷ ವಾರ್ಡಿನ ರಾತ್ರಿಪಾಳಿ.
ಈಗ ಹಗಲಲ್ಲಿ ಟಾಡ್ಮೋರ್ಡನ್ನಿನ ಕಾಲುವೆಗುಂಟ ನಡೆದರೆ
ಬಾತುಕೋಳಿಗೂ ನಾನು ಹೊಸಬಳು.

ಕಿಟಕಿಯಲ್ಲಿ, ಮೊಟ್ಟೆಯ ಟ್ರೇಯೊಳಗೆ
ಆಲೂಗಡ್ಡೆ ಕಣ್ಣು ಬಿಟ್ಟಿದೆ.
"ಅವಸರ ಬೇಡ, ಏಪ್ರಿಲ್ಲಿನಲ್ಲೂ ಹಿಮ ಬಿದ್ದೀತು,"
ಬೇಲಿಯಾಚೆ ಎನಿಡ್.
ಅವಸರವೆ, ನನಗೆ?
ಹದಿನೈದು ದಿನದಿಂದ ಒಂದೇ ಬಾಗಿಲು ಉಜ್ಜುತ್ತಿದ್ದೇನೆ:
ಹಸಿರಿನಡಿ ಕೆಂಪು, ಕೆಂಪಿನಡಿ ಯಾರದೋ ನೀಲಿ.

ನಿನ್ನೆ ಶೆಲ್ಫು ಹೊಡೆದೆ.
ರಸಮಟ್ಟದ ಗುಳ್ಳೆ ನಟ್ಟನಡುವೆ ನಿಂತಿತು,
ಕಣ್ಣಿಗೆ ನೋಡಿದರೆ ಸೊಟ್ಟ.
ವಾಲಿದ್ದು ಮನೆ,
ನೂರು ವರ್ಷದಿಂದ, ಗುಡ್ಡದ ಕಡೆಗೆ.
ಕಿತ್ತು, ಮನೆಯ ಸೊಟ್ಟಕ್ಕೇ ಹೊಂದಿಸಿ ಮತ್ತೆ ಹೊಡೆದೆ.
ಮೆಂತ್ಯದ ಡಬ್ಬಿ ಬೆರಳಷ್ಟು ಜಾರಿ ನಿಂತಿತು.

ನಿದ್ದೆ ಮಾತ್ರ ಇನ್ನೂ ಪಾಳಿ ಬದಲಿಸಿಲ್ಲ.
ರಾತ್ರಿ ಮೂರಕ್ಕೆ ಟಾರ್ಚು ಹಿಡಿದು ಇಳಿದೆ,
ಬಸವನಹುಳು ಹುಡುಕುತ್ತ
ಪಾತಿಯಿಂದ ಪಾತಿಗೆ, ಸದ್ದಾಗದಂತೆ,
ಯಾರ ಮುಖಕ್ಕೂ ಬೆಳಕು ಬೀಳದ ಹಾಗೆ.